ಸಾಹೇಬ್ರು ಬಂದೋಬಸ್ತ್‌ಗೆ ಹೋದರೆ ತನಿಖೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನವೆಂಬರ್ ಮೂರನೇ ವಾರ ನನ್ನ ತಮ್ಮ ಅಂಗಡಿ ಬಾಗಿಲು ಹಾಕಿಕೊಂಡು ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ನಾಲ್ಕು ಜನ ಅಡ್ಡಗಟ್ಟಿ ಮಚ್ಚಿನಿಂದ ಹೊಡೆದರು. ಎಡಗೈಯ ಎರಡು ಬೆರಳು ಹೋದವು, ತಲೆಗೆ ಹನ್ನೊಂದು ಹೊಲಿಗೆ ಬಿತ್ತು. ಎರಡೇ ದಿನದಲ್ಲಿ ಇಬ್ಬರನ್ನು ಹಿಡಿದು ಜೈಲಿಗೆ ಕಳಿಸಿದರು. ಅಷ್ಟೇ, ಆಮೇಲೆ ಎಲ್ಲ ನಿಂತುಹೋಯಿತು. ಉಳಿದಿಬ್ಬರು ಸಿಕ್ಕಿಲ್ಲ, ಮಚ್ಚೂ ಸಿಕ್ಕಿಲ್ಲ. ಠಾಣೆಗೆ ಹೋದಾಗಲೆಲ್ಲ ಒಂದೇ ಮಾತು: "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ." ಮೊದಲು ಜಾತ್ರೆ, ಆಮೇಲೆ ಬೆಳಗಾವಿ ಅಧಿವೇಶನ, ಈಗ ಯಾರೋ ಮಂತ್ರಿ ಬರುತ್ತಾರಂತೆ. ಕೊಲೆ ಯತ್ನದ ತನಿಖೆ ಮಾಡುವವರನ್ನೇ ರಸ್ತೆ ಬದಿ ನಿಲ್ಲಿಸುವುದು ಯಾವ ನ್ಯಾಯ? ಬೇರೆ ಪೊಲೀಸರಿಲ್ಲವೇ? ನಾವೇನು ಮಾಡಬಹುದು? (ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಿಂದ ಒಬ್ಬ ಓದುಗರು)

ಉತ್ತರ: ತಾಯಿ, ನ್ಯಾಯ ಅನ್ಯಾಯದ ಮಾತು ಆಮೇಲೆ ಆಡೋಣ. ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದುಕೊಳ್ಳಿ. ಆ ಇಬ್ಬರನ್ನು ನ್ಯಾಯಾಧೀಶರು ಮೊದಲ ಸಲ ಕಸ್ಟಡಿಗೆ ಒಪ್ಪಿಸಿದ ದಿನವನ್ನೂ ಸೇರಿಸಿ 90 ದಿನ ಎಣಿಸಿ, ಕೊನೆಯ ದಿನಕ್ಕೆ ಕೆಂಪು ಗುರುತು ಹಾಕಿ. ಅಷ್ಟರೊಳಗೆ ದೋಷಾರೋಪ ಪಟ್ಟಿ ಕೋರ್ಟಿಗೆ ಬೀಳದಿದ್ದರೆ, ಆರೋಪಿಗಳು ಅರ್ಜಿ ಹಾಕಿದ ಕೂಡಲೇ ಜಾಮೀನು ಕೊಡಲೇಬೇಕು. ಎಷ್ಟು ಘೋರ ಕೃತ್ಯ, ಎಷ್ಟು ಬೆರಳು ಹೋಗಿವೆ ಎಂಬುದನ್ನೆಲ್ಲ ಆಗ ನ್ಯಾಯಾಧೀಶರು ನೋಡುವಂತಿಲ್ಲ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 167(2)ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಕೂಡ ಇದನ್ನೇ ಹೇಳುತ್ತದೆ.

ಇನ್ನೊಂದು ವಿಷಯ. 90 ದಿನ ಸಿಗುವುದು ಮರಣದಂಡನೆ, ಜೀವಾವಧಿ, ಇಲ್ಲವೇ ಹತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಉಳಿದವಕ್ಕೆ 60 ದಿನ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲು ಬಂದದ್ದು) 109, ಅಂದರೆ ಕೊಲೆ ಯತ್ನ, ಇದೆಯೇ ನೋಡಿ. ಬೆರಳು ಹೋಗಿರುವುದರಿಂದ 118(2), ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ, ಕೂಡ ಇರಬೇಕು. ಬರೀ 118(1), ಅಂದರೆ ಆಯುಧದಿಂದ ಸಾಮಾನ್ಯ ಗಾಯ, ಹಾಕಿದ್ದರೆ ಅದು ಮೂರು ವರ್ಷದ ಕೇಸು, ನಿಮ್ಮ ಗಡುವು ಆಗಲೇ ಮುಗಿಯುತ್ತ ಬಂದಿದೆ. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ಕೆಂಪು ಗುರುತು ಬಿತ್ತಲ್ಲ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಪಿಎಸ್‌ಐ ಆಗಿ ಸೇರಿ ಡಿವೈಎಸ್‌ಪಿ ಆಗಿ ನಿವೃತ್ತನಾದವನು. ನಿಮ್ಮ ಠಾಣೆಯ ಆ "ಸಾಹೇಬ್ರು" ಕುರ್ಚಿಯಲ್ಲಿ ನಾನೂ ಕೂತಿದ್ದೆ, ನಾನೂ ಬಂದೋಬಸ್ತ್‌ಗೆ ಹೋಗಿದ್ದೆ. ಹೋಗುವಾಗ ಸಿ.ಡಿ. ಫೈಲು, ಅಂದರೆ ಕೇಸ್ ಡೈರಿಯ ಕಟ್ಟು, ರೈಟರ್ (ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸ್) ಬೀರುವಿನಲ್ಲಿ ಇಟ್ಟು ಬೀಗ ಹಾಕಿಸಿಯೇ ಹೋಗುತ್ತಿದ್ದೆ. ನಾನು ವಾಪಸು ಬರುವ ತನಕ ಆ ಕಟ್ಟನ್ನು ಯಾರೂ ಬಿಚ್ಚುತ್ತಿರಲಿಲ್ಲ.

ಬಂದೋಬಸ್ತ್ ಸ್ಕೀಂ ಹೇಗೆ ತಯಾರಾಗುತ್ತದೆ ಎನ್ನುವುದನ್ನು ಹೊರಗಿನವರು ನೋಡಿರುವುದಿಲ್ಲ. ಎಸ್‌ಪಿ ಕಚೇರಿಯಿಂದ ಮೆಮೊ ಬರುತ್ತದೆ: ಇಂಥ ಉಪವಿಭಾಗದಿಂದ ಪಿಐ ಒಬ್ಬರು, ಪಿಎಸ್‌ಐ ಮೂವರು, ಎಎಸ್‌ಐ ಆರು, ಎಚ್‌ಸಿ ಪಿಸಿ ಸೇರಿ ಮೂವತ್ತು, ಮಹಿಳಾ ಸಿಬ್ಬಂದಿ ಐದು, ನಾಳೆ ಬೆಳಗ್ಗೆ ಆರಕ್ಕೆ ವರದಿ ಮಾಡಿಕೊಳ್ಳತಕ್ಕದ್ದು. ಅದರಲ್ಲಿ ಇರುವುದು ತಲೆ ಲೆಕ್ಕ ಮಾತ್ರ. ಯಾರ ಕೈಯಲ್ಲಿ ಯಾವ ಕೇಸಿದೆ ಎಂದು ಮೆಮೊ ಕೇಳುವುದಿಲ್ಲ. ಮೆಮೊ ಹಿಡಿದು ಠಾಣಾಧಿಕಾರಿ ಹಾಜರಿ ಪುಸ್ತಕ ತೆರೆಯುತ್ತಾನೆ. ಸೆಂಟ್ರಿ ಬಿಡಲಾಗದು. ಠಾಣೆಯ ಉಸ್ತುವಾರಿಗೆ ಎಸ್‌ಎಚ್‌ಒ ಡ್ಯೂಟಿಯವನು ಬೇಕು. ರೈಟರ್ ಇಲ್ಲದೆ ಠಾಣೆ ನಡೆಯದು. ಕೋರ್ಟ್ ಪಿಸಿ ಹೋಗದಿದ್ದರೆ ನ್ಯಾಯಾಧೀಶರು ಕೇಳುತ್ತಾರೆ. ಸಮನ್ಸ್ ವಾರಂಟ್ ಜಾರಿ ಮಾಡುವವನು, ಪಾಸ್‌ಪೋರ್ಟ್ ಪರಿಶೀಲನೆಯವನು, ಜೀಪಿನ ಚಾಲಕ, ರಾತ್ರಿ ಬೀಟಿನವರು, ಎಲ್ಲರಿಗೂ ಅವತ್ತಿನ ಕೆಲಸ ಅವತ್ತೇ ಇದೆ. ಇವತ್ತು ಹೋಗದಿದ್ದರೂ ಇವತ್ತು ಯಾರೂ ಕೇಳದ ಕೆಲಸ ಮಾಡುವವರು ಯಾರು? ಕ್ರೈಂ ಸಿಬ್ಬಂದಿ. ತಲೆಮರೆಸಿಕೊಂಡವರನ್ನು ಹುಡುಕುವವರು, ಸಾಕ್ಷಿಗಳ ಹೇಳಿಕೆ ಬರೆಯುವವರು. ಪಟ್ಟಿಯಲ್ಲಿ ಅವರ ಹೆಸರೇ ಮೊದಲು ಬೀಳುತ್ತದೆ.

ಬಂದೋಬಸ್ತ್ ಕೆಟ್ಟರೆ ಅದೇ ರಾತ್ರಿ ಟಿವಿಯಲ್ಲಿ ಬರುತ್ತದೆ, ಮಾರನೆ ದಿನ ಯಾರಾದರೂ ಅಮಾನತಾಗುತ್ತಾರೆ. ತನಿಖೆ ಕೆಟ್ಟದ್ದು ಗೊತ್ತಾಗುವುದು ಐದಾರು ವರ್ಷದ ಮೇಲೆ, ಸೆಷನ್ಸ್ ಕೋರ್ಟಿನಲ್ಲಿ, "ಸಂಶಯದ ಲಾಭ ನೀಡಿ ಬಿಡುಗಡೆ" ಎಂದು ತೀರ್ಪು ಬಂದಾಗ. ಅಷ್ಟು ಹೊತ್ತಿಗೆ ತನಿಖಾಧಿಕಾರಿಗೆ ಮೂರು ವರ್ಗಾವಣೆ ಆಗಿರುತ್ತದೆ, ಎಸ್‌ಪಿ ಐಜಿ ಆಗಿರುತ್ತಾರೆ. ಹಾಗಾಗಿ ಇದಕ್ಕೆ ಯಾರ ದ್ವೇಷವೂ ಬೇಕಿಲ್ಲ. ಕರ್ನಾಟಕದಲ್ಲಿ "ಕೊಲೆ ಯತ್ನದ ತನಿಖೆ ಬಿಟ್ಟು ಜಾತ್ರೆ ಕಾಯಿರಿ" ಎಂದು ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಆದೇಶವಿಲ್ಲದೆಯೇ ಜನಬಲ ಅತ್ತ ಹರಿಯುತ್ತದೆ, ನೀರು ಇಳಿಜಾರಿಗೆ ಹರಿದ ಹಾಗೆ.

ಆದೇಶ ಹೊರಡಿಸಿಯೇ ಹೀಗೆ ಮಾಡಿದ ದೇಶಗಳೂ ಇವೆ. 2001ರ ದಾಳಿಯ ನಂತರ ಅಮೆರಿಕದ ಎಫ್‌ಬಿಐ 500ಕ್ಕೂ ಹೆಚ್ಚು ಏಜೆಂಟರನ್ನು ಮಾದಕ ವಸ್ತು, ಹಿಂಸಾಪರಾಧ, ಆರ್ಥಿಕ ಅಪರಾಧದ ತನಿಖೆಗಳಿಂದ ತೆಗೆದು ಭಯೋತ್ಪಾದನೆ ನಿಗ್ರಹಕ್ಕೆ ಹಾಕಿತು. 2025ರಲ್ಲಿ ಅದೇ ಎಫ್‌ಬಿಐ ಮತ್ತು ಇತರ ಫೆಡರಲ್ ಏಜೆಂಟರನ್ನು ವಲಸಿಗರ ಪತ್ತೆಗೆ ತಿರುಗಿಸಿದರು. ಅಲ್ಲಿ ಕನಿಷ್ಠ ಪಕ್ಷ ಎಷ್ಟು ಜನರನ್ನು ಎಲ್ಲಿಂದ ತೆಗೆದರು ಎಂದು ಕೇಳಲು ಒಂದು ಕಾಗದವಿತ್ತು. ನಮ್ಮಲ್ಲಿ ಅದೂ ಇಲ್ಲ. ನಿಮ್ಮ ಪಿಎಸ್‌ಐ ಕಳೆದ ವರ್ಷ ಎಷ್ಟು ದಿನ ಬಂದೋಬಸ್ತ್‌ನಲ್ಲಿದ್ದರು ಎಂದು ಕೇಳಿ, ಠಾಣಾ ದಿನಚರಿಯಲ್ಲಿ ದಿನದಿನದ ನಮೂದು ಇರುತ್ತದೆ; ಅದನ್ನು ಕೂಡಿಸಿ ನೋಡುವ ಕೆಲಸ ಮಾತ್ರ ಯಾರದ್ದೂ ಅಲ್ಲ.

ನೀವು "ಬೇರೆ ಪೊಲೀಸರಿಲ್ಲವೇ" ಎಂದು ಕೇಳಿದ್ದೀರಿ. ಇದ್ದಾರೆ. ಸಶಸ್ತ್ರ ಮೀಸಲು ಪೊಲೀಸರು: ಜಿಲ್ಲೆಗೆ ಡಿಎಆರ್, ನಗರಗಳಲ್ಲಿ ಸಿಎಆರ್, ರಾಜ್ಯಕ್ಕೆ ಕೆಎಸ್‌ಆರ್‌ಪಿ ತುಕಡಿಗಳು. ಗಲಭೆ, ಮೆರವಣಿಗೆ, ಗಣ್ಯರ ಭದ್ರತೆಗೆಂದೇ ಇರುವವರು ಅವರು. ಆದರೆ ಸಾಲದು. ಬೆಳಗಾವಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದಾಗಿನಿಂದ ಚಳಿಗಾಲದ ಅಧಿವೇಶನ ಎಂದರೆ ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಪೊಲೀಸರು ಅಲ್ಲಿಗೆ ಹೋಗಬೇಕು. ಡಿಸೆಂಬರ್ ಚಳಿ, ಕಲ್ಯಾಣ ಮಂಟಪ ಇಲ್ಲವೇ ಟೆಂಟಿನಲ್ಲಿ ವಾಸ, ಬೆಳಗ್ಗೆ ನಾಲ್ಕಕ್ಕೆ ಎದ್ದು ಬಕೆಟ್ಟಿಗೆ ಸರದಿ. ಆಮೇಲೆ ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಮೀಸಲಾತಿ ಕೇಳುವವರು, ಒಂದಾದ ಮೇಲೊಂದು ಪ್ರತಿಭಟನೆಯ ಮುಂದೆ ಬ್ಯಾರಿಕೇಡ್ ಹಿಡಿದು ನಿಲ್ಲುವುದು. ಎರಡು ವಾರ. ಹೋಗಿ ಬರುವ ದಿನ, ಬಂದ ಮೇಲೆ ಜ್ವರದ ದಿನ, ಎಲ್ಲ ಸೇರಿಸಿದರೆ ಮೂರು ವಾರ. ನಿಮ್ಮ 90 ದಿನದಲ್ಲಿ ಕಾಲು ಭಾಗ ಅಲ್ಲೇ ಕರಗಿತು.

ಹಾಗೆಂದು ಬಂದೋಬಸ್ತ್ ದಂಡದ ಕೆಲಸ ಎಂದು ನಾನು ಹೇಳುವುದಿಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದ ಗಲಭೆ ನೋಡಿದವರು ಯಾರೂ ಹಾಗೆ ಹೇಳಲಾರರು. ಸರಿಯಾದ ಜಾಗದಲ್ಲಿ ಇಪ್ಪತ್ತು ಜನ ನಿಂತಿದ್ದರಿಂದ ಆಗದೆ ಹೋದ ಕೊಲೆಗಳಿವೆ. ಅವಕ್ಕೆ ಎಫ್‌ಐಆರ್ ಇರುವುದಿಲ್ಲವಷ್ಟೇ. ನನ್ನ ಜಗಳ ಇರುವುದು ಮಂತ್ರಿಯೊಬ್ಬರು ಮದುವೆಗೆ ಬಂದು ಹೋಗುವ ದಾರಿಯಲ್ಲಿ ಐವತ್ತು ಮೀಟರಿಗೊಬ್ಬ ಪೊಲೀಸನನ್ನು ಬಿಸಿಲಲ್ಲಿ ನಿಲ್ಲಿಸುವ ಪದ್ಧತಿಯೊಂದಿಗೆ.

ತನಿಖೆ ನಿಂತಾಗ ನಿಜಕ್ಕೂ ಏನು ಹೋಗುತ್ತದೆ? ಎಲ್ಲವೂ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಮೊಬೈಲ್ ಕರೆ ವಿವರ, ಅಂದರೆ ಸಿಡಿಆರ್, ಎರಡು ವರ್ಷ ಉಳಿಯುತ್ತದೆ. ಕಂಪನಿಗಳು ಇಟ್ಟುಕೊಳ್ಳಲೇಬೇಕೆಂದು 2021ರ ಕೊನೆಯಲ್ಲಿ ಲೈಸೆನ್ಸ್ ಷರತ್ತು ಬದಲಾಯಿಸಿದ್ದಾರೆ. ಹಲ್ಲೆ ನಡೆದ ಹೊತ್ತಿನಲ್ಲಿ ಆರೋಪಿಗಳ ಫೋನು ಯಾವ ಟವರಿನಲ್ಲಿತ್ತು ಎಂದು ಇವತ್ತೂ ತೆಗೆಯಬಹುದು. ಆದರೆ ಅಂಗಡಿಯ ಸಿಸಿಟಿವಿ ಡಿವಿಆರ್ ಹಾಗಲ್ಲ. ಅದರೊಳಗಿನ ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯಲು ಶುರು. ನಾಲ್ಕು ಕ್ಯಾಮೆರಾದ ಸಣ್ಣ ಅಂಗಡಿಯಲ್ಲಿ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು. ರಕ್ತ ಅಂಟಿದ ಅಂಗಿಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಿದರೆ ವರ್ಷಗಟ್ಟಲೆ ಸಾಕ್ಷಿ ಹೇಳುತ್ತದೆ. ಹಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಮಚ್ಚು ಕೆರೆಗೆ ಬಿದ್ದರೆ, ಆರೋಪಿ ಪೊಲೀಸ್ ಕಸ್ಟಡಿಯಲ್ಲಿರುವಾಗಲೇ ಅವನಿಂದ ತೋರಿಸಿಕೊಂಡು ಪಂಚರ ಎದುರು ಮಹಜರು ಮಾಡಬೇಕು. ಆ ಕೆಲವು ದಿನ ಕಳೆದು ಅವನು ನ್ಯಾಯಾಂಗ ಬಂಧನಕ್ಕೆ ಹೋದ ಮೇಲೆ ಮತ್ತೆ ಕಸ್ಟಡಿಗೆ ಪಡೆಯುವುದು ಸುಲಭವಲ್ಲ.

ಎಲ್ಲಕ್ಕಿಂತ ಬೇಗ ಕೆಡುವುದು ಮನುಷ್ಯರ ನೆನಪು. ಮರೆವಿಗಿಂತ ಹೆದರಿಕೆ ಅದನ್ನು ಬೇಗ ಕೆಡಿಸುತ್ತದೆ. ಘಟನೆಯಾದ ರಾತ್ರಿ ಬೀಡಾ ಅಂಗಡಿಯವನು ಕೈಕಾಲು ನಡುಗುತ್ತಲೇ ಎಲ್ಲ ಹೇಳುತ್ತಾನೆ. ಹತ್ತು ದಿನ ಬಿಟ್ಟು ಹೋಗಿ, "ನಾನು ಬೆನ್ನು ತಿರುಗಿಸಿದ್ದೆ ಸಾರ್" ಎನ್ನುತ್ತಾನೆ. ಆ ಹತ್ತು ದಿನದಲ್ಲಿ ಆರೋಪಿಯ ಮಾವ ಒಂದು ಸಲ, ಊರ ಮುಖಂಡರು ಒಂದು ಸಲ ಅವನ ಅಂಗಡಿಗೆ ಬಂದು ಹೋಗಿರುತ್ತಾರೆ. ಗುರುತು ಪತ್ತೆ ಪೆರೇಡೂ ಹೀಗೆಯೇ. ತಹಶೀಲ್ದಾರರ ಮುಂದೆ ಬೇಗ ನಡೆದರೆ ಅದಕ್ಕೊಂದು ತೂಕ. ತಡವಾದರೆ, "ಅಷ್ಟರಲ್ಲಿ ಆರೋಪಿಯ ಫೋಟೋ ಎಲ್ಲರ ವಾಟ್ಸಾಪಿನಲ್ಲಿ ಬಂದಿತ್ತಲ್ಲ" ಎಂದು ಎದುರು ವಕೀಲರು ಕೇಳುವ ಒಂದೇ ಪ್ರಶ್ನೆಗೆ ಎಲ್ಲ ಮುಗಿಯಿತು.

ಇದನ್ನೆಲ್ಲ ಬೇರೆಯವರ ತಪ್ಪು ಎತ್ತಿ ಆಡುತ್ತಿಲ್ಲ. ನಾನು ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದಾಗ ತೋಟದ ಮನೆಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರನ್ನು ಕೊರಳ ಸರಕ್ಕಾಗಿ ಕೊಂದರು. ಗಣೇಶ ಕೂರಿಸಿ ಎರಡು ದಿನ ಆಗಿತ್ತು. ಮುಂದೆ ಒಂಬತ್ತನೇ ದಿನ, ಹನ್ನೊಂದನೇ ದಿನ ದೊಡ್ಡ ವಿಸರ್ಜನೆಗಳು. ಹಿಂದಿನ ವರ್ಷ ಕಲ್ಲು ತೂರಿದ್ದ ಬೀದಿ ಬೇರೆ. ನನ್ನ ಕ್ರೈಂ ತಂಡದ ಐದೂ ಜನರನ್ನು ಮೆರವಣಿಗೆ ದಾರಿಗೆ ಹಾಕಿದೆ. ಪಟ್ಟಿ ಬರೆದುಕೊಟ್ಟವನು ನಾನೇ. ತೋಟದ ದಾರಿ ಹೆದ್ದಾರಿಗೆ ಸೇರುವಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತು. ಅಲ್ಲಿಗೆ ನಾವು ಹೋಗಿದ್ದು ಹದಿನೇಳನೇ ದಿನ. ಬಂಕಿನ ಮ್ಯಾನೇಜರ್ ಡಿವಿಆರ್ ತಿರುಗಿಸಿ ತಿರುಗಿಸಿ ನೋಡಿ, "ಹದಿನೈದು ದಿನದ್ದು ಮಾತ್ರ ಇರ್ತದೆ ಸಾರ್, ಮೊನ್ನೆ ಬಂದಿದ್ರೆ ಸಿಕ್ತಿತ್ತು" ಎಂದ. ಎರಡು ವರ್ಷದ ಮೇಲೆ ಬೇರೊಂದು ಕಳವಿನಲ್ಲಿ ಸಿಕ್ಕವನೊಬ್ಬ ಈ ಕೊಲೆಯನ್ನೂ ಒಪ್ಪಿಕೊಂಡ. ಆ ರಾತ್ರಿ ಅದೇ ಬಂಕಿನಲ್ಲಿ ನೂರು ರೂಪಾಯಿ ಪೆಟ್ರೋಲ್ ಹಾಕಿಸಿದ್ದನಂತೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಸರ ಕರಗಿ ಹೋಗಿತ್ತು, ಬಿಡುಗಡೆಯಾದ. ಆ ವರ್ಷ ಗಣೇಶ ವಿಸರ್ಜನೆ ಶಾಂತವಾಗಿ ನಡೆಯಿತು. ಅದಕ್ಕೆ ನನಗೆ ಪ್ರಶಂಸಾ ಪತ್ರ ಬಂತು.

ಇದಕ್ಕೆ ಮದ್ದು ಯಾರಿಗೂ ಗೊತ್ತಿಲ್ಲವೆಂದಲ್ಲ. ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರೆ ಮಾಡಿ ಎಂದು ಕಾನೂನು ಆಯೋಗ 1996ರಲ್ಲಿ ತನ್ನ 154ನೇ ವರದಿಯಲ್ಲಿ ಹೇಳಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಅದನ್ನೇ ಮತ್ತೆ ಹೇಳಿತು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನೇ ಕೊಟ್ಟಿತು: ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಂದ ಶುರುಮಾಡಿ ತನಿಖಾ ಪೊಲೀಸರನ್ನು ಪ್ರತ್ಯೇಕಿಸಿ, ಮೆಲ್ಲಗೆ ಸಣ್ಣ ಊರುಗಳಿಗೂ ವಿಸ್ತರಿಸಿ. ಆಮೇಲೆ ನಾವೇನು ಮಾಡಿದೆವು? ಠಾಣೆಯಲ್ಲಿ ಒಬ್ಬ ಪಿಎಸ್‌ಐ ಬಾಗಿಲಿಗೆ "ಕಾನೂನು ಸುವ್ಯವಸ್ಥೆ", ಇನ್ನೊಬ್ಬರ ಬಾಗಿಲಿಗೆ "ಅಪರಾಧ" ಎಂಬ ಫಲಕ ಹಾಕಿದೆವು. ಮೆಮೊ ಬಂದಾಗ ಇಬ್ಬರೂ ಒಂದೇ ಜೀಪಿನಲ್ಲಿ ಬೆಳಗಾವಿಗೆ ಹೋದರು.

ಫಲಕ ಯಾಕೆ ಕೆಲಸ ಮಾಡಲಿಲ್ಲವೆಂದರೆ ತಲೆ ಎಣಿಸುವ ಕೈ ಬದಲಾಗಲಿಲ್ಲ. ತನಿಖೆಯವರ ಹೆಸರು ಬಂದೋಬಸ್ತ್ ಪಟ್ಟಿಗೆ ಬರಲೇಕೂಡದು ಎಂಬ ನಿಯಮವಾಗಬೇಕು. ತೀರಾ ಗಲಭೆಯಂಥ ಹೊತ್ತಿನಲ್ಲಿ ಅದನ್ನು ಮುರಿಯುವುದಾದರೆ ಎಸ್‌ಪಿ ಕಾರಣ ಬರೆದು ಸಹಿ ಹಾಕಬೇಕು. ಸಹಿ ಎಂದರೆ ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಭಯ. ಅಷ್ಟು ಸಾಕು.

ಹಾಗೆ ಕಾಪಾಡಿದ ತಂಡ ಏನು ಮಾಡಬಲ್ಲದು ಎಂದು ನಮ್ಮ ರಾಜ್ಯವೇ ತೋರಿಸಿದೆ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಮನೆಯ ಮುಂದೆ ಗುಂಡಿಟ್ಟು ಕೊಂದಾಗ ಪೊಲೀಸ್ ಅಧಿಕಾರಿ ಬಿ.ಕೆ. ಸಿಂಗ್ ನೇತೃತ್ವದಲ್ಲಿ ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ, ಆಯಿತು. ಹೆಲ್ಮೆಟ್ ಹಾಕಿದ್ದ ಬೈಕ್ ಸವಾರನ ಕೆಲವೇ ಸೆಕೆಂಡಿನ ಸಿಸಿಟಿವಿ ದೃಶ್ಯ, ನಾಲ್ಕು ಗುಂಡಿನ ಖಾಲಿ ಕೋಶಗಳು, ಆರಂಭಕ್ಕೆ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ. ಆ ತಂಡಕ್ಕೆ ಬೇರೆ ಕೆಲಸವಿರಲಿಲ್ಲ. ಹಳೆಯ ಕಾಯಿನ್ ಬೂತ್ ಕರೆಗಳನ್ನು ಹಿಡಿದು, ಆರೋಪಿಯ ಡೈರಿಯಲ್ಲಿದ್ದ ಗುಪ್ತ ಹೆಸರುಗಳನ್ನು ಬಿಡಿಸಿ, ತಿಂಗಳುಗಟ್ಟಲೆ ಕೂತು 2018ರ ನವೆಂಬರ್‌ನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟದ ಹೆಚ್ಚುವರಿ ದೋಷಾರೋಪ ಪಟ್ಟಿ ಸಲ್ಲಿಸಿದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೂ ಇದೇ ಎಂದು ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ, ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನೂ ಇದೇ ತಂಡಕ್ಕೆ ಒಪ್ಪಿಸಿತು. ಆರೋಪ ಸಾಬೀತಾಯಿತೇ ಎಂಬುದು ಕೋರ್ಟಿನ ಮಾತು, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ತನಿಖಾಧಿಕಾರಿಗೆ ತನಿಖೆ ಮಾಡಲು ಬಿಟ್ಟರೆ ಏನಾಗುತ್ತದೆ ಎನ್ನುವುದಷ್ಟೇ ನನ್ನ ಮಾತು.

ಆದರೆ ಆ ಎಸ್‌ಐಟಿಗೆ ಜನ ಎಲ್ಲಿಂದ ಬಂದರು? ಬೇರೆ ಬೇರೆ ಠಾಣೆ, ಬೇರೆ ಬೇರೆ ಘಟಕಗಳಿಂದ, ಒಳ್ಳೆಯ ತನಿಖಾಧಿಕಾರಿಗಳನ್ನೇ ಆರಿಸಿ. ಅವರು ಬಿಟ್ಟು ಬಂದ ಫೈಲುಗಳು? ಹೆಸರಿಲ್ಲದವರ ಕೊಲೆ, ಹೆಸರಿಲ್ಲದವರ ಸುಲಿಗೆ. ಒಂದು ದೊಡ್ಡ ಕೇಸಿಗೆ ಎಸ್‌ಐಟಿ ಘೋಷಣೆಯಾದಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಾರೆ, ನಾನು ಯಾವ ಠಾಣೆಯ ಬೀರುವಿಗೆ ಬೀಗ ಬಿತ್ತೋ ಎಂದು ಲೆಕ್ಕ ಹಾಕುತ್ತೇನೆ. ದುಡಿದು ದುಡಿದು ಬಂದ ಅಡ್ಡ ಬುದ್ಧಿ ಎಂದುಕೊಳ್ಳಿ.

ಈಚೆಗೆ ಇನ್ನೊಂದು ಸೆಳೆತ ಸೇರಿಕೊಂಡಿದೆ. ಸೈಬರ್ ವಂಚನೆ. 2023ರಲ್ಲಿ ಕರ್ನಾಟಕದಲ್ಲಿ ದಾಖಲಾದ ಸೈಬರ್ ಪ್ರಕರಣಗಳೇ 20 ಸಾವಿರ ದಾಟಿದವು. ಕಂಪ್ಯೂಟರ್ ತಿಳಿದ ಚುರುಕು ಹುಡುಗರೆಲ್ಲ ಸಿಇಎನ್, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆಗೆ ಹೋಗುತ್ತಾರೆ. ಅದು ತಪ್ಪಲ್ಲ, ಅಲ್ಲೂ ಬಡವರ ದುಡ್ಡೇ ಹೋಗುತ್ತಿರುವುದು. ಆದರೆ ಟವರ್ ಡಂಪ್, ಅಂದರೆ ಒಂದು ಮೊಬೈಲ್ ಟವರಿಗೆ ಸಿಕ್ಕ ಫೋನುಗಳ ಪಟ್ಟಿ, ಓದಬಲ್ಲವನು ಹೋದ ಮೇಲೆ ಕೊಲೆ ಯತ್ನದ ಫೈಲು ಓದುವವರು ಯಾರು?

ಉಳಿದ ಸಿಬ್ಬಂದಿಯ ಸ್ಥಿತಿ ಹೇಗಿದೆ ಎಂದರೆ, ಕೇಂದ್ರದ ಪೊಲೀಸ್ ಸಂಶೋಧನಾ ಸಂಸ್ಥೆ ಬಿಪಿಆರ್‌ಡಿಯ 2014ರ ಅಧ್ಯಯನವೊಂದರ ಪ್ರಕಾರ ದೇಶದ ಠಾಣೆಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜನ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ. 2016ರ ಜೂನ್ 4ಕ್ಕೆ ನಮ್ಮ ರಾಜ್ಯದ ಕಾನ್‌ಸ್ಟೆಬಲ್‌ಗಳು ಸಾಮೂಹಿಕ ರಜೆಗೆ ಕರೆ ಕೊಟ್ಟದ್ದು ನಿಮಗೆ ನೆನಪಿರಬಹುದು. ನಿಮ್ಮ ಪಿಎಸ್‌ಐ ಮೇಲೆ ಸಿಟ್ಟು ಬಂದಾಗ ಇದು ತಲೆಯಲ್ಲಿರಲಿ. ಅವನಿಗೂ ಫೈಲು ಬೇಕು, ನಿದ್ದೆಯೂ ಬೇಕು.

ಈಗ ನಿಮ್ಮ ಕೈಯಲ್ಲಿರುವುದು. ಠಾಣೆಗೆ ಹೋಗಿ ಬಾಯಲ್ಲಿ ಕೇಳುವುದನ್ನು ಇವತ್ತಿಗೆ ನಿಲ್ಲಿಸಿ. ಬರೆದು ಕೊಡಿ, ಇನ್ನೊಂದು ಪ್ರತಿಗೆ ಸೀಲು ಸಹಿ ಹಾಕಿಸಿಕೊಳ್ಳಿ. ಸುರಕ್ಷಾ ಸಂಹಿತೆಯ 193(3)ರ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ವಾಟ್ಸಾಪಿನಲ್ಲಿ ತಿಳಿಸಿದರೂ ಆದೀತು. ಹಿಂದೆ ಇಂಥದ್ದು ಕೇಳಿದರೆ "ತನಿಖೆ ಗುಟ್ಟಿನದು" ಎಂದು ಬಾಯಿ ಮುಚ್ಚಿಸುತ್ತಿದ್ದೆವು, ಈಗ ಹಾಗೆ ಹೇಳಲಾಗದು. ಕೇಸ್ ಡೈರಿಯನ್ನು ಮಾತ್ರ ನಿಮಗೆ ತೋರಿಸುವುದಿಲ್ಲ, ಅದನ್ನು ಕೇಳಬೇಡಿ.

ಆ ಅರ್ಜಿಯಲ್ಲಿ "ಸಾಹೇಬರು ಸಿಗುತ್ತಿಲ್ಲ" ಎಂದು ಗೋಳು ಬರೆದರೆ ಅದು ರೈಟರ್ ಫೈಲಿನಲ್ಲೇ ಉಳಿಯುತ್ತದೆ. ಒಂದೊಂದೇ ವಸ್ತು ಹೆಸರಿಸಿ: ಇಂಥ ಮೆಡಿಕಲ್ ಸ್ಟೋರಿನ ಕ್ಯಾಮೆರಾ ರಸ್ತೆ ಕಡೆ ಮುಖ ಮಾಡಿದೆ, ಅದರ ಡಿವಿಆರ್ ವಶಪಡಿಸಿಕೊಂಡಿದ್ದೀರಾ? ತಮ್ಮ ಅವತ್ತು ತೊಟ್ಟಿದ್ದ ಅಂಗಿ ಎಫ್‌ಎಸ್‌ಎಲ್‌ಗೆ ಹೋಗಿದೆಯಾ? ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ಬಂದಿದೆಯಾ, ಅದರಲ್ಲಿ "ತೀವ್ರ ಗಾಯ" ಎಂದಿದೆಯಾ? ಹೀಗೆ ಕೇಳಿದ ಪ್ರಶ್ನೆಗೆ ಯಾರಾದರೂ ಬೀರು ತೆಗೆದು ನೋಡಲೇಬೇಕಾಗುತ್ತದೆ. ಅಂಗಡಿಯವರನ್ನು ನೀವೇ ಭೇಟಿಯಾಗಿ ದೃಶ್ಯ ಅಳಿಸಿಹೋಗದಂತೆ ತೆಗೆದಿಡಲು ಕೇಳಿಕೊಳ್ಳಬಹುದು. ಕೆಲವರು ಘಟನೆಯ ಮಾರನೇ ದಿನವೇ ಮೊಬೈಲಿಗೆ ಇಳಿಸಿಕೊಂಡಿರುತ್ತಾರೆ. ಆದರೆ ಡಿವಿಆರ್ ಬಿಚ್ಚಿ ಮನೆಗೆ ತರಬೇಡಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ನಿಮ್ಮ ಕೈ ಮಧ್ಯೆ ಬಂದರೆ ಅದೇ ಆರೋಪಿಗೆ ಅನುಕೂಲ.

ಅದೇ ಅರ್ಜಿಯ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಯವರಿಗೆ ಕಳಿಸಿ. ಕೊನೆಗೆ ಒಂದೇ ಸಾಲು ಸೇರಿಸಿ: "90ನೇ ದಿನ ಇಂಥ ತಾರೀಖಿಗೆ ಬೀಳುತ್ತದೆ, ಅಷ್ಟರೊಳಗೆ ದೋಷಾರೋಪ ಪಟ್ಟಿ ಸಲ್ಲಿಸಲು ತನಿಖಾಧಿಕಾರಿಯನ್ನು ಬೇರೆ ಕರ್ತವ್ಯದಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ." ಈ ಸಾಲು ಕಾಗದದ ಮೇಲೆ ಬಂದ ಮೇಲೆ, ನಾಳೆ ಜಾಮೀನಾದರೆ ಯಾರು ಉತ್ತರ ಕೊಡಬೇಕು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಹತ್ತು ದಿನದಲ್ಲಿ ಚಲನೆ ಕಾಣದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಸುರಕ್ಷಾ ಸಂಹಿತೆಯ 175(3)ರ ಅಡಿ ಅಫಿಡವಿಟ್ ಸಮೇತ ಅರ್ಜಿ ಹಾಕಿ. ತನಿಖೆ ಸರಿಯಾಗಿ ನಡೆಯುತ್ತಿಲ್ಲವೆಂದಾದರೆ ಅದರ ಮೇಲೆ ಕಣ್ಣಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2007ರ ಸಾಕಿರಿ ವಾಸು ಪ್ರಕರಣದಲ್ಲಿ ಹೇಳಿದೆ. ಡೈರಿ ತರಿಸಿ ನೋಡುವ ಅಧಿಕಾರವೂ ಅವರಿಗಿದೆ. ಅಲ್ಲಿ ಹಾಳೆಗಳು ಖಾಲಿ ಇದ್ದರೆ ಅದು ತಾನಾಗಿಯೇ ಮಾತಾಡುತ್ತದೆ. ಸೀದಾ ಹೈಕೋರ್ಟಿಗೆ ಓಡಬೇಡಿ, ಖರ್ಚು ಜಾಸ್ತಿ, ಕೆಳಗಿನ ದಾರಿ ಬಿಟ್ಟದ್ದೇಕೆ ಎಂದು ಅಲ್ಲಿ ಮೊದಲು ಕೇಳುತ್ತಾರೆ.

ಸಿಕ್ಕದ ಇಬ್ಬರಿಗಾಗಿ ದೋಷಾರೋಪ ಪಟ್ಟಿ ಕಾಯಬೇಕಿಲ್ಲ. ಅವರನ್ನು ತಲೆಮರೆಸಿಕೊಂಡವರೆಂದು ತೋರಿಸಿ ಈಗಲೇ ಸಲ್ಲಿಸಬಹುದು, ಸಿಕ್ಕ ಮೇಲೆ ಹೆಚ್ಚುವರಿ ಪಟ್ಟಿ ಹಾಕಬಹುದು. ಎಫ್‌ಎಸ್‌ಎಲ್ ವರದಿ ಮಡಿವಾಳದಿಂದಲೋ ಪ್ರಾದೇಶಿಕ ಪ್ರಯೋಗಾಲಯದಿಂದಲೋ ಬರುವುದು ತಡವಾದರೂ ಹಾಗೆಯೇ. "ಎಲ್ಲ ಸೇರಿಸಿ ಒಟ್ಟಿಗೆ ಹಾಕ್ತೀವಿ" ಎಂದರೆ ಒಪ್ಪಬೇಡಿ. ಇನ್ನೊಂದು ಮಾತು ಮರೆತಿದ್ದೆ: ಬೆರಳು ಹೋದದ್ದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಕೇಸು ಮುಗಿಯುವ ತನಕ ಕಾಯಬೇಕಾಗಿಲ್ಲ, ಅಲ್ಲಿಯೇ ಉಚಿತ ವಕೀಲರೂ ಸಿಗುತ್ತಾರೆ.

ಬೀಡಾ ಅಂಗಡಿಯವರಂಥ ಸಾಕ್ಷಿ ನಿಮ್ಮ ಕೇಸಿನಲ್ಲೂ ಯಾರಾದರೂ ಇದ್ದೇ ಇರುತ್ತಾರೆ. ಅವರ ಹೇಳಿಕೆ ಆಗಿದೆಯೇ ಎಂದು ತನಿಖಾಧಿಕಾರಿಯನ್ನು ಬರಹದಲ್ಲೇ ಕೇಳಿ. ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಿಕೊಳ್ಳಲು ಕೋರಿಕೆ ಕೊಡಿ. ನೀವಾಗಿ ಹೋಗಿ ಅವರಿಗೆ ಏನು ಹೇಳಬೇಕೆಂದು ಹೇಳಿಕೊಡಬೇಡಿ. ಅಂಗಡಿಗೆ ಹೋಗಿ ಎಲೆ ಅಡಿಕೆ ಕೊಂಡು, ತಮ್ಮನ ಕೈ ಹೇಗಿದೆ ಎಂದು ಅವರೇ ಕೇಳಿದರೆ ಹೇಳಿ ಬನ್ನಿ.